ಆಸೆಗೂ ಒಂದು ತಾರೀಕು ಬೇಕು

ಉದ್ಯೋಗ ಹುಡುಕುತ್ತಿರುವ ಗಡಿನಾಡಿನ ಯುವಜನರಿಗೂ ಅವರ ಹೆತ್ತವರಿಗೂ

ಪದವಿ ಪರೀಕ್ಷೆಯ ಫಲಿತಾಂಶ ಬಂದು ಆರೇಳು ತಿಂಗಳು ಕಳೆಯಿತೆಂದರೆ ನಮ್ಮ ಮಕ್ಕಳು ಮದುವೆ, ಹಬ್ಬದೂಟಗಳಿಗೆ ಬರಲು ಹಿಂದೇಟು ಹಾಕತೊಡಗುತ್ತಾರೆ. ಕಾರಣ ಎಲ್ಲರಿಗೂ ಗೊತ್ತಿರುವುದೇ. ಎದುರಾದವರೆಲ್ಲರದ್ದೂ ಒಂದೇ ಪ್ರಶ್ನೆ: “ಈಗ ಎಂತ ಮಾಡ್ತಾ ಇದ್ದಿ?” ಉತ್ತರವೂ ಒಂದೇ: “ಟ್ರೈ ಮಾಡ್ತಾ ಇದ್ದೇನೆ ಅಂಕಲ್.”

ಈ ‘ಟ್ರೈ’ ಎಂದರೆ ಏನು? ಕಳೆದ ವಾರ ಎಷ್ಟು ಅರ್ಜಿ ಹಾಕಿದಿ, ಯಾರನ್ನು ಕಂಡು ಮಾತಾಡಿದಿ, ಬರುವ ತಿಂಗಳ ಯಾವ ಪರೀಕ್ಷೆಗೆ ಓದುತ್ತಿದ್ದಿ ಎಂದು ಬಿಡಿಸಿ ಕೇಳಿದರೆ ಹೆಚ್ಚಿನವರಲ್ಲಿ ಉತ್ತರವಿರುವುದಿಲ್ಲ. ಇದನ್ನು ಸೋಮಾರಿತನ ಎಂದು ಬಯ್ಯುವುದು ಸರಿಯಲ್ಲ. ಒಂದನೆಯ ತರಗತಿಯಿಂದ ಪದವಿಯವರೆಗೆ ಹದಿನೈದು ವರ್ಷ ಅವರಿಗೆ ಯಾರೋ ಟೈಮ್‌ಟೇಬಲ್ ಬರೆದು ಕೊಟ್ಟರು. ಯಾವ ಗಂಟೆಗೆ ಯಾವ ಪಾಠ, ಯಾವ ತಿಂಗಳು ಯಾವ ಪರೀಕ್ಷೆ ಎಂಬುದೆಲ್ಲ ಮೊದಲೇ ನಿಶ್ಚಯವಾಗಿತ್ತು. ಕೆಲಸ ಹುಡುಕುವ ಹೊತ್ತಿಗೆ ಮಾತ್ರ ಆ ಟೈಮ್‌ಟೇಬಲ್ ಇಲ್ಲ. ಅದನ್ನು ತಾನೇ ಬರೆದುಕೊಳ್ಳಬೇಕೆಂದು ಯಾರೂ ಹೇಳಿಕೊಟ್ಟಿಲ್ಲ. ಈ ಲೇಖನ ಅದರ ಬಗ್ಗೆ.

ಆಸೆ ಬೇರೆ, ಗುರಿ ಬೇರೆ

‘ನನಗೊಂದು ಒಳ್ಳೆಯ ಕೆಲಸ ಸಿಗಬೇಕು’ ಎಂಬುದು ಆಸೆ. ‘ಈ ತಿಂಗಳ 20ರೊಳಗೆ ಬಯೋಡಾಟಾ ಸಿದ್ಧಪಡಿಸಿ ಮಂಗಳೂರಿನ ಹತ್ತು ಕಚೇರಿಗಳಿಗೆ ಕೊಟ್ಟು ಬರುತ್ತೇನೆ’ ಎಂಬುದು ಗುರಿ. ಮೊದಲನೆಯದು ಈಡೇರುವುದು ಬಿಡುವುದು ಬೇರೆಯವರ ಕೈಯಲ್ಲಿದೆ. ಎರಡನೆಯದು ಪೂರ್ತಿಯಾಗಿ ನಮ್ಮ ಕೈಯಲ್ಲಿದೆ. ಕೆಲಸ ಕೊಡುವವರ ಮನಸ್ಸನ್ನು ನಾವು ಆಳಲಾರೆವು, ನಮ್ಮ ಸೋಮವಾರವನ್ನು ಆಳಬಲ್ಲೆವು. ಉದ್ಯೋಗ ಹುಡುಕುವವರು ಮೊದಲು ಮನಗಾಣಬೇಕಾದ ವ್ಯತ್ಯಾಸ ಇದು.

ಅಮೆರಿಕದ ಮನಃಶಾಸ್ತ್ರಜ್ಞ ಎಡ್ವಿನ್ ಲಾಕ್ 1968ರಲ್ಲಿ ಗುರಿಗಳ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ‘ನಿನ್ನಿಂದಾದಷ್ಟು ಮಾಡು’ ಎಂದು ಹೇಳಿಸಿಕೊಂಡವರಿಗಿಂತ, ಸ್ಪಷ್ಟವಾದ ಮತ್ತು ಸ್ವಲ್ಪ ಕಷ್ಟವೇ ಆದ ಗುರಿ ಇಟ್ಟುಕೊಂಡವರು ಹೆಚ್ಚು ಸಾಧಿಸುತ್ತಾರೆ ಎಂಬುದು ಅದರ ಸಾರ. ಮುಂದೆ ಗ್ಯಾರಿ ಲೇಥಮ್ ಅವರೊಂದಿಗೆ ಸೇರಿ ಅವರು ದಶಕಗಳ ಕಾಲ ಇದನ್ನೇ ಪರೀಕ್ಷಿಸಿ ನೋಡಿದರು. 1981ರಲ್ಲಿ ಜಾರ್ಜ್ ಡೋರನ್ ಎಂಬವರು ಗುರಿಯನ್ನು ಅಳೆಯಲು ‘ಸ್ಮಾರ್ಟ್’ ಎಂಬ ಐದಕ್ಷರದ ಸೂತ್ರವನ್ನು ಕೊಟ್ಟರು. ಗುರಿ ನಿರ್ದಿಷ್ಟವಾಗಿರಬೇಕು, ಅಳೆಯುವಂತಿರಬೇಕು, ಯಾರು ಮಾಡುವುದೆಂದು ಗೊತ್ತಿರಬೇಕು, ಕೈಗೆ ನಿಲುಕುವಂತಿರಬೇಕು, ಅದಕ್ಕೊಂದು ಗಡುವು ಇರಬೇಕು. ದೊಡ್ಡ ಕಂಪೆನಿಗಳ ಮ್ಯಾನೇಜರುಗಳಿಗಾಗಿ ಬರೆದ ಸೂತ್ರವಾದರೂ ಮಂಜೇಶ್ವರದ ಮನೆಯ ಜಗಲಿಯಲ್ಲಿ ಕುಳಿತ ಹುಡುಗನಿಗೂ ಅದು ಒಪ್ಪುತ್ತದೆ.

ಮೊದಲು ದಿಕ್ಕು ನಿಶ್ಚಯಿಸಿ

ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಎನ್ನುತ್ತೇವೆ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಸರಕಾರಿ ಕಚೇರಿಯಲ್ಲಿ ಮಲಯಾಳ, ಸಂದರ್ಶನದಲ್ಲಿ ಇಂಗ್ಲಿಷ್. ಭಾಷಣದಲ್ಲಿ ಇದು ಹೆಮ್ಮೆಯ ಮಾತು, ಕೆಲಸ ಹುಡುಕುವಾಗ ಮಾತ್ರ ಗೊಂದಲ. 1956ರ ನವೆಂಬರ್ 1ರಂದು ಕೇರಳ ರಾಜ್ಯ ಹುಟ್ಟಿದಂದಿನಿಂದ ನಮ್ಮ ಮಕ್ಕಳು ಎರಡು ದಿಕ್ಕಿಗೂ ಮುಖಮಾಡಿ ನಿಂತಿದ್ದಾರೆ. ಕೆಲವರು ಎರಡೂ ಕಡೆ ಅರೆಮನಸ್ಸಿನಿಂದ ಓಡಿ ಎಲ್ಲಿಯೂ ತಲುಪುವುದಿಲ್ಲ. ಆದ್ದರಿಂದ ನಮ್ಮೆದುರು ಇರುವ ದಾರಿಗಳನ್ನು ಬಿಡಿಬಿಡಿಯಾಗಿ ನೋಡೋಣ.

ಮೊದಲನೆಯದು ಕೇರಳ ಪಿ.ಎಸ್.ಸಿ. ‘ಮಲಯಾಳ ಬಾರದು, ಅದು ನಮಗಲ್ಲ’ ಎಂದು ಕೈಬಿಡುವವರು ಅನೇಕರು. ಆದರೆ ಭಾಷಾ ಅಲ್ಪಸಂಖ್ಯಾತರಾದ ನಮಗೆ ಹಲವು ಪರೀಕ್ಷೆಗಳಲ್ಲಿ ಕನ್ನಡ ಪ್ರಶ್ನೆಪತ್ರಿಕೆ ಆರಿಸಿಕೊಳ್ಳಲು ಅವಕಾಶವಿದೆ. ಕಾಸರಗೋಡು ಜಿಲ್ಲೆಗೆಂದೇ ‘ಕನ್ನಡ ಮತ್ತು ಮಲಯಾಳ ಬಲ್ಲ ಕ್ಲಾರ್ಕ್’ ಹುದ್ದೆಗಳಿಗೆ, ಕನ್ನಡ ಮಾಧ್ಯಮದ ಎಲ್.ಪಿ., ಯು.ಪಿ., ಹೈಸ್ಕೂಲ್ ಅಧ್ಯಾಪಕ ಹುದ್ದೆಗಳಿಗೆ ಅರ್ಜಿ ಕರೆದದ್ದಿದೆ. ಎರಡೂ ಭಾಷೆ ಬಲ್ಲವರೇ ಬೇಕು ಎಂಬ ಹುದ್ದೆಯಲ್ಲಿ ಸ್ಪರ್ಧಿಸುವವರು ಕಡಿಮೆ. ಇಲ್ಲಿ ಮಲಯಾಳ ಓದಲು ಬರೆಯಲು ಕಲಿತವನಿಗೆ ಕನ್ನಡವೇ ಬಂಡವಾಳ.

ಎರಡನೆಯದು ಬ್ಯಾಂಕು. ಸ್ಟೇಟ್ ಬ್ಯಾಂಕಿನ ಜೂನಿಯರ್ ಅಸೋಸಿಯೇಟ್ ಹುದ್ದೆಗೆ ಯಾವ ರಾಜ್ಯದಿಂದ ಅರ್ಜಿ ಹಾಕುತ್ತೇವೋ ಆ ರಾಜ್ಯದ ಭಾಷೆ ಬರಬೇಕು. ಹತ್ತನೆಯ ಅಥವಾ ಹನ್ನೆರಡನೆಯ ತರಗತಿಯಲ್ಲಿ ಆ ಭಾಷೆ ಕಲಿತದ್ದಕ್ಕೆ ಅಂಕಪಟ್ಟಿ ತೋರಿಸಿದರೆ ಬೇರೆ ಭಾಷಾ ಪರೀಕ್ಷೆ ಇಲ್ಲ. ಅಂದರೆ ಕೇರಳದ ಎಸ್.ಎಸ್.ಎಲ್.ಸಿ. ಪುಸ್ತಕದಲ್ಲಿರುವ ‘ಕನ್ನಡ’ ಎಂಬ ಒಂದು ಸಾಲು ಕರ್ನಾಟಕದ ಬ್ಯಾಂಕ್ ಹುದ್ದೆಗಳಿಗೆ ಬಾಗಿಲು ತೆರೆಯುತ್ತದೆ. ಇದನ್ನು ತಿಳಿಯದೆ ಕೇರಳದ ಹುದ್ದೆಗಳಿಗೆ ಮಾತ್ರ ಅರ್ಜಿ ಹಾಕಿ, ಮಲಯಾಳದಲ್ಲಿ ತಡವರಿಸಿ ಹಿಂದೆ ಬರುವವರಿದ್ದಾರೆ.

ಮೂರನೆಯದು ಕೇಂದ್ರ ಸರಕಾರ. ಬಿ.ಎಸ್.ಎಫ್., ಸಿ.ಆರ್.ಪಿ.ಎಫ್. ಮುಂತಾದ ಪಡೆಗಳ ಕಾನ್‌ಸ್ಟೆಬಲ್ ನೇಮಕಾತಿ ಪರೀಕ್ಷೆಯನ್ನು 2024ರಿಂದ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ಬರೆಯಬಹುದು. ರೈಲ್ವೆ ನೇಮಕಾತಿ ಮಂಡಳಿಗಳ ಪರೀಕ್ಷೆಗೆ ಕನ್ನಡದ ಜೊತೆ ಕೊಂಕಣಿಯೂ ಇದೆ.

ನಾಲ್ಕನೆಯದು ಖಾಸಗಿ ವಲಯ. ಹೆಚ್ಚಿನವರಿಗೆ ಅದೆಂದರೆ ಮಂಗಳೂರು. ಆಸ್ಪತ್ರೆ, ಕಾಲೇಜು, ಲೆಕ್ಕಪತ್ರದ ಕಚೇರಿ, ಮಾಲ್‌ಗಳು, ಮುಡಿಪುವಿನ ಇನ್ಫೋಸಿಸ್, ಎರಡೂ ರಾಜ್ಯಗಳ ಅಡಕೆ ಬೆಳೆಗಾರರಿಗಾಗಿ 1973ರಲ್ಲಿ ಹುಟ್ಟಿದ ಕ್ಯಾಂಪ್ಕೋ, ಇವೆಲ್ಲ ನಮ್ಮಲ್ಲಿ ಹಲವರಿಗೆ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವಷ್ಟು ಹತ್ತಿರ. ಐದನೆಯದು ಕೊಲ್ಲಿ ರಾಷ್ಟ್ರ ಅಥವಾ ಯುರೋಪು. ಅದರ ಬಗ್ಗೆ ಮುಂದೆ ಪ್ರತ್ಯೇಕವಾಗಿ ಹೇಳುತ್ತೇನೆ.

ಈ ಐದರಲ್ಲಿ ಒಂದನ್ನು ಮುಖ್ಯ ದಾರಿಯೆಂದೂ ಇನ್ನೊಂದನ್ನು ಜೊತೆಯ ದಾರಿಯೆಂದೂ ಆರಿಸಿಕೊಳ್ಳಿ. ಎರಡಕ್ಕಿಂತ ಹೆಚ್ಚು ಬೇಡ. ಸರಕಾರಿ ಪರೀಕ್ಷೆಯೇ ಮುಖ್ಯ ದಾರಿಯಾದರೂ ಅದರ ಫಲ ಕೈಗೆ ಬರಲು ವರ್ಷಗಳೇ ಹಿಡಿಯಬಹುದು. ಅಲ್ಲಿಯವರೆಗೆ ಮನೆಯಲ್ಲಿ ಕುಳಿತಿರುವುದಕ್ಕಿಂತ ಸಂಬಳ ಕಡಿಮೆಯಾದರೂ ಅನುಭವ ಕೊಡುವ ಒಂದು ಕೆಲಸ ಮಾಡುತ್ತಾ ಓದುವುದು ಮೇಲು.

ವಯಸ್ಸು ಕಾಯುವುದಿಲ್ಲ

ಗುರಿಗೆ ಗಡುವು ಏಕೆ ಬೇಕೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಕೇರಳದಲ್ಲಿ ವಿವಿಧ ಇಲಾಖೆಗಳ ಎಲ್.ಡಿ. ಕ್ಲಾರ್ಕ್ ಹುದ್ದೆಗೆ ಪಿ.ಎಸ್.ಸಿ. 2016ರಲ್ಲಿ ಅರ್ಜಿ ಕರೆಯಿತು, ಆಮೇಲೆ 2019ರಲ್ಲಿ, ಆಮೇಲೆ 2023ರಲ್ಲಿ. ಸಾಮಾನ್ಯ ವರ್ಗದವರಿಗೆ ವಯೋಮಿತಿ 18ರಿಂದ 36. ಲೆಕ್ಕ ಹಾಕಿ ನೋಡಿ. ಪದವಿ ಮುಗಿಸಿದ 21ರ ಹುಡುಗಿಗೆ ಜೀವಮಾನದಲ್ಲಿ ಈ ಪರೀಕ್ಷೆ ನಾಲ್ಕೋ ಐದೋ ಸಲ ಸಿಗುತ್ತದೆ. ಒಂದು ಸಲ ‘ಗೊತ್ತಾಗಲಿಲ್ಲ’ ಎಂದು ಬಿಟ್ಟರೆ ಮೂರು ನಾಲ್ಕು ವರ್ಷ ಹೋಯಿತು. ಸ್ಟೇಟ್ ಬ್ಯಾಂಕಿನ ಜೂನಿಯರ್ ಅಸೋಸಿಯೇಟ್ ಹುದ್ದೆಗೆ ಮೇಲ್ಮಿತಿ 28. ಮೀಸಲಾತಿಯ ರಿಯಾಯಿತಿ ಇಲ್ಲದಿದ್ದರೆ ಅದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುತ್ತದೆ.

ಆದ್ದರಿಂದ ಗೋಡೆಯ ಕ್ಯಾಲೆಂಡರ್ ಕೆಳಗಿಳಿಸಿ, ನಿಮ್ಮ ದಾರಿಗೆ ಸೇರಿದ ಪ್ರತಿಯೊಂದು ಹುದ್ದೆಗೂ ನಿಮಗೆ ಯಾವ ವರ್ಷದವರೆಗೆ ಅವಕಾಶವಿದೆ ಎಂದು ಬರೆದಿಡಿ. ಪಿ.ಎಸ್.ಸಿ. ವೆಬ್‌ಸೈಟನ್ನು ತಿಂಗಳಿಗೆ ಎರಡು ಸಲವಾದರೂ ನೋಡುವುದನ್ನು ಗುರಿಯಾಗಿ ಇಟ್ಟುಕೊಳ್ಳಿ. ಅಲ್ಲಿ ಒಮ್ಮೆ ನೋಂದಾಯಿಸಿದರೆ ಸಾಕು, ಮುಂದೆ ಆ ಪ್ರೊಫೈಲ್ ಮೂಲಕವೇ ಅರ್ಜಿ. ಆದರೆ ಅರ್ಜಿ ಹಾಕಿದರೆ ಕೆಲಸ ಮುಗಿಯಲಿಲ್ಲ. ಪರೀಕ್ಷೆ ಬರೆಯುತ್ತೇನೆಂದು ನಿಗದಿತ ದಿನದೊಳಗೆ ಪ್ರೊಫೈಲಿನಲ್ಲಿ ದೃಢೀಕರಣ, ಅಂದರೆ ‘ಕನ್ಫರ್ಮೇಶನ್’ ಕೊಡಬೇಕು. ಕೊಡದಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ. ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನ ನೋಂದಣಿಯನ್ನೂ ಮೂರು ವರ್ಷಕ್ಕೊಮ್ಮೆ ನವೀಕರಿಸದಿದ್ದರೆ ಹಿರಿತನ ಕೈತಪ್ಪುತ್ತದೆ. ಇವು ಬುದ್ಧಿವಂತಿಕೆಯ ಪ್ರಶ್ನೆಗಳಲ್ಲ, ತಾರೀಕಿನ ಪ್ರಶ್ನೆಗಳು.

ಕಾಗದಪತ್ರಗಳೂ ಒಂದು ಗುರಿಯೇ. ನಮ್ಮವರಲ್ಲಿ ಜ್ಞಾನಸ್ನಾನದ ಸರ್ಟಿಫಿಕೇಟಿನಲ್ಲಿ ಒಂದು ಹೆಸರು, ಎಸ್.ಎಸ್.ಎಲ್.ಸಿ. ಪುಸ್ತಕದಲ್ಲಿ ಬರೇ ಇನಿಶಿಯಲ್, ಆಧಾರದಲ್ಲಿ ಡಿಸೋಜ ಎಂಬುದಕ್ಕೆ ಬೇರೆಯೇ ಸ್ಪೆಲ್ಲಿಂಗ್ ಇರುವುದು ಹೊಸತಲ್ಲ. ಸಂದರ್ಶನ ಮುಗಿದು ದಾಖಲೆ ಪರಿಶೀಲನೆಯ ದಿನ ಇದು ತಲೆನೋವಾಗುತ್ತದೆ. ಎಲ್ಲವನ್ನೂ ಎಸ್.ಎಸ್.ಎಲ್.ಸಿ. ಪುಸ್ತಕಕ್ಕೆ ಹೊಂದಿಸಿಕೊಳ್ಳಿ. ಆಗದಿದ್ದಲ್ಲಿ ಎರಡೂ ಹೆಸರಿನವರು ಒಬ್ಬರೇ ಎಂಬ ಪ್ರಮಾಣಪತ್ರವನ್ನು ವಿಲೇಜ್ ಆಫೀಸಿನಿಂದ ಮಾಡಿಸಿಡಿ. ಲ್ಯಾಟಿನ್ ಕ್ಯಾಥೊಲಿಕ್ ಸಮುದಾಯ ಕೇರಳದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿದೆ. ಪಿ.ಎಸ್.ಸಿ. ಹುದ್ದೆಗಳಲ್ಲಿ ಈ ವರ್ಗದವರಿಗೆ ಮೂರು ವರ್ಷದ ವಯೋರಿಯಾಯಿತಿಯಿದೆ. ಇದಕ್ಕೆ ಬೇಕಾದ ನಾನ್ ಕ್ರೀಮಿ ಲೇಯರ್ ಸರ್ಟಿಫಿಕೇಟ್ ರಾಜ್ಯದ ಹುದ್ದೆಗೆ ಒಂದು ನಮೂನೆ, ಕೇಂದ್ರದ ಹುದ್ದೆಗೆ ಇನ್ನೊಂದು. ನಿಮ್ಮ ಕುಟುಂಬದ ದಾಖಲೆಗೆ ಅದು ಸಿಗುವುದೇ, ಏನೇನು ಬೇಕು ಎಂದು ಈಗಲೇ ವಿಚಾರಿಸಿ. ಕೊನೆಯ ದಿನ ಓಡಿದರೆ ಸಿಗುವ ವಸ್ತು ಅದಲ್ಲ.

ವಾರದ ಪುಸ್ತಕ

ದೊಡ್ಡ ಗುರಿ ವರ್ಷದ್ದಾದರೂ ಅದು ನಡೆಯುವುದು ವಾರದಲ್ಲಿ. ಬಿ.ಕಾಂ. ಮುಗಿಸಿದ ಒಬ್ಬ ಹುಡುಗಿ ಪಿ.ಎಸ್.ಸಿ.ಯನ್ನು ಮುಖ್ಯ ದಾರಿಯಾಗಿ, ಮಂಗಳೂರಿನಲ್ಲಿ ಅಕೌಂಟ್ಸ್ ಕೆಲಸವನ್ನು ಜೊತೆಯ ದಾರಿಯಾಗಿ ಆರಿಸಿದಳು ಎಂದಿಟ್ಟುಕೊಳ್ಳಿ. ಅವಳ ವಾರ ಹೀಗಿರಬಹುದು:

1. ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 6ರಿಂದ 8 ಪಿ.ಎಸ್.ಸಿ. ಓದು. ಪಠ್ಯಕ್ರಮ ಮತ್ತು ಹಳೆಯ ಪ್ರಶ್ನೆಪತ್ರಿಕೆಗಳು ಆಯೋಗದ ವೆಬ್‌ಸೈಟಿನಲ್ಲೇ ಉಚಿತವಾಗಿವೆ.
2. ಶನಿವಾರ ಗಡಿಯಾರ ಮುಂದಿಟ್ಟುಕೊಂಡು 100 ಪ್ರಶ್ನೆಗಳ ಒಂದು ಹಳೆಯ ಪತ್ರಿಕೆ. ತಪ್ಪು ಉತ್ತರಕ್ಕೆ ಮೂರನೇ ಒಂದಂಶ ಅಂಕ ಕಳೆಯುತ್ತಾರೆ. ಆದ್ದರಿಂದ ಗೊತ್ತಿಲ್ಲದ್ದನ್ನು ಬಿಡುವ ಅಭ್ಯಾಸವೂ ಆಗಬೇಕು.
3. ದಿನಕ್ಕೆ ಅರ್ಧ ಪುಟ ಮಲಯಾಳ ಪತ್ರಿಕೆ ಗಟ್ಟಿಯಾಗಿ ಓದುವುದು, ಹತ್ತು ಸಾಲು ಬರೆಯುವುದು.
4. ಟ್ಯಾಲಿ ಮತ್ತು ಜಿ.ಎಸ್.ಟಿ. ರಿಟರ್ನ್ ಅಭ್ಯಾಸಕ್ಕೆ ವಾರದಲ್ಲಿ ಮೂರು ಮಧ್ಯಾಹ್ನ.
5. ವಾರಕ್ಕೆ ಮೂರು ಅರ್ಜಿ. ಮೂರಕ್ಕೂ ಒಂದೇ ಬಯೋಡಾಟಾ ಕಳಿಸದೆ, ಅವರು ಕೇಳಿದ ಅರ್ಹತೆಗೆ ತಕ್ಕಂತೆ ಮೇಲಿನ ನಾಲ್ಕು ಸಾಲು ಬದಲಿಸಿ ಕಳಿಸುವುದು.
6. ವಾರಕ್ಕೆ ಇಬ್ಬರು ಪರಿಚಯದವರಿಗೆ ಫೋನ್.

ಇದಕ್ಕೆ ಬೇಕಾದದ್ದು ಒಂದು ನೋಟ್‌ಬುಕ್. ಎಡಗಡೆಯಲ್ಲಿ ಈ ವಾರ ಮಾಡಬೇಕಾದದ್ದು, ಬಲಗಡೆಯಲ್ಲಿ ಮಾಡಿದ್ದು. ಭಾನುವಾರ ಸಂಜೆ ಎರಡನ್ನೂ ಹೋಲಿಸಿ ನೋಡಿ. ಆರರಲ್ಲಿ ನಾಲ್ಕು ಆಗಿದ್ದರೆ ಒಳ್ಳೆಯ ವಾರ. ಎರಡೇ ಆಗಿದ್ದರೆ ಮುಂದಿನ ವಾರದ ಪಟ್ಟಿಯನ್ನು ಸ್ವಲ್ಪ ಚಿಕ್ಕದು ಮಾಡಿ, ಆದರೆ ಬಿಡಬೇಡಿ. ಹನಿ ಹನಿಗೂಡಿದರೆ ಹಳ್ಳ.

ಮನಸ್ಸು ಹಿಂದೇಟು ಹಾಕುವುದಕ್ಕೂ ಒಂದು ಉಪಾಯವಿದೆ. ಜರ್ಮನಿಯ ಮನಃಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1999ರ ಒಂದು ಪ್ರಬಂಧದಲ್ಲಿ ಇದನ್ನು ವಿವರಿಸಿದ್ದಾರೆ. ‘ಓದುತ್ತೇನೆ’ ಎಂದು ಸುಮ್ಮನೆ ನಿಶ್ಚಯಿಸುವುದಕ್ಕಿಂತ ‘ಇಂಥ ಹೊತ್ತಿಗೆ, ಇಂಥ ಜಾಗದಲ್ಲಿ, ಇಂಥದ್ದನ್ನು ಮಾಡುತ್ತೇನೆ’ ಎಂದು ಮೊದಲೇ ಗೊತ್ತುಮಾಡಿದವರು ಹೆಚ್ಚಾಗಿ ಮಾಡಿ ಮುಗಿಸುತ್ತಾರೆ. ‘ಬೆಳಗ್ಗಿನ ಚಾ ಕುಡಿದು ಲೋಟ ಇಟ್ಟ ಕೂಡಲೇ ಪುಸ್ತಕ ತೆರೆಯುತ್ತೇನೆ, ಕರೆಂಟ್ ಹೋದರೆ ಮಲಯಾಳ ಪತ್ರಿಕೆ ಓದುತ್ತೇನೆ’ ಎಂದು ಬರೆದುಕೊಳ್ಳಿ.

ಹೇಳಿದರೆ ತಾನೇ ಗೊತ್ತಾಗುವುದು?

ಫೋನ್ ಮಾಡುವ ಆರನೆಯ ಗುರಿಯನ್ನು ಹೆಚ್ಚಿನವರು ತಪ್ಪಿಸುತ್ತಾರೆ. ನಾಚಿಕೆ, ಶಿಫಾರಸು ಕೇಳಿದಂತಾಗುತ್ತದೆ ಎಂಬ ಅಳುಕು. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೋವೆಟರ್ ಬೋಸ್ಟನ್ ಸಮೀಪದ ನ್ಯೂಟನ್ ಎಂಬ ಊರಿನಲ್ಲಿ ಕೆಲಸ ಬದಲಿಸಿದವರನ್ನು ಕೇಳಿ 1973 ಮತ್ತು 1974ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೆಲಸ ಸಿಕ್ಕಿದ್ದು ಪರಿಚಯದವರ ಮೂಲಕ. ವಿಶೇಷವೆಂದರೆ ಹಾಗೆ ಸುದ್ದಿ ತಂದವರಲ್ಲಿ ಹೆಚ್ಚಿನವರು ಆಪ್ತ ಗೆಳೆಯರಲ್ಲ, ಅಪರೂಪಕ್ಕೆ ಭೇಟಿಯಾಗುವವರು. ಕಾರಣ ಸುಲಭ. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ದೂರದವರಿಗೆ ಬೇರೆ ಕಚೇರಿಯ, ಬೇರೆ ಊರಿನ ಸುದ್ದಿ ಗೊತ್ತಿರುತ್ತದೆ.

ಹಾಗಾದರೆ ಮದುವೆಯಲ್ಲಿ “ಎಂತ ಮಾಡ್ತಾ ಇದ್ದಿ?” ಎಂದು ಕೇಳುವ ಆ ಅಂಕಲ್ ಅವರನ್ನು ತಪ್ಪಿಸಿ ಓಡಬೇಕಾಗಿಲ್ಲ. “ಬಿ.ಕಾಂ. ಆಗಿದೆ ಅಂಕಲ್, ಟ್ಯಾಲಿ ಬರುತ್ತದೆ, ಅಕೌಂಟ್ಸ್ ಕೆಲಸ ನೋಡುತ್ತಿದ್ದೇನೆ, ನಿಮ್ಮ ಕಡೆ ಯಾರಿಗಾದರೂ ಬೇಕಾದರೆ ದಯವಿಟ್ಟು ತಿಳಿಸಿ” ಎಂದರೆ ಅದು ಭಿಕ್ಷೆಯಲ್ಲ, ಮಾಹಿತಿ. ‘ಟ್ರೈ ಮಾಡ್ತಾ ಇದ್ದೇನೆ’ ಎಂದವರಿಗೆ ಸಹಾಯ ಮಾಡಲು ಯಾರಿಗೂ ದಾರಿ ತಿಳಿಯುವುದಿಲ್ಲ.

ವಿದೇಶಕ್ಕೆ ಹೊರಟವರಿಗೆ

ಕೊಲ್ಲಿಗೆ ಹೋಗಿ ಮನೆ ಕಟ್ಟಿಸಿದವರು ಪ್ರತಿ ಊರಿನಲ್ಲೂ ಇದ್ದಾರೆ. ತೋಟ ಅಡವಿಟ್ಟು ಏಜೆಂಟನ ಕೈಗೆ ಹಣ ಕೊಟ್ಟು ಮೋಸಹೋದವರೂ ಇದ್ದಾರೆ. ಇಲ್ಲಿ ಗುರಿ ಸ್ಪಷ್ಟವಿಲ್ಲದಿದ್ದರೆ ಹೋಗುವುದು ಹಣ ಮಾತ್ರವಲ್ಲ. ‘ಎಲ್ಲಿಗಾದರೂ ಸರಿ, ಯಾವ ಕೆಲಸವಾದರೂ ಸರಿ’ ಎನ್ನುವವರನ್ನೇ ಮೋಸಗಾರರು ಹುಡುಕುತ್ತಿರುತ್ತಾರೆ. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸವೆಂದು ಕರೆದುಕೊಂಡು ಹೋಗಿ ಮ್ಯಾನ್ಮಾರಿನ ಸೈಬರ್ ವಂಚನೆ ಕೇಂದ್ರಗಳಿಗೆ ತಳ್ಳಿದ ಪ್ರಕರಣಗಳ ಬಗ್ಗೆ ವಿದೇಶಾಂಗ ಸಚಿವಾಲಯ 2022ರಲ್ಲೇ ಎಚ್ಚರಿಸಿತ್ತು.

ಆದ್ದರಿಂದ ದೇಶ, ಹುದ್ದೆ, ಸಂಬಳ, ಒಪ್ಪಂದದ ಅವಧಿ ಈ ನಾಲ್ಕನ್ನು ಕಾಗದದಲ್ಲಿ ಕಾಣುವ ತನಕ ಹಣ ಕೊಡಬೇಡಿ. ಏಜೆನ್ಸಿಗೆ ಲೈಸೆನ್ಸ್ ಇದೆಯೇ ಎಂದು ಸರಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಡಬಹುದು. 1983ರ ವಲಸೆ ಕಾಯಿದೆಯ ನಿಯಮಗಳಂತೆ ಲೈಸೆನ್ಸ್ ಇರುವ ಏಜೆಂಟ್ ಸೇವಾಶುಲ್ಕವೆಂದು ಪಡೆಯಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಜಿ.ಎಸ್.ಟಿ. ಅದಕ್ಕೂ ರಶೀದಿ ಕೊಡಬೇಕು. ಎರಡು ಲಕ್ಷ, ಮೂರು ಲಕ್ಷ ಕೇಳಿದರೆ ಅಲ್ಲೇ ಎದ್ದು ಬನ್ನಿ. ವಿಸಿಟ್ ವಿಸಾದಲ್ಲಿ ಹೋಗಿ ಅಲ್ಲಿ ಕೆಲಸ ನೋಡೋಣ ಎನ್ನುವುದು ಗುರಿಯಲ್ಲ, ಜೂಜು.

ಕೇರಳ ಸರಕಾರದ ನೋರ್ಕಾ ರೂಟ್ಸ್ ಮತ್ತು ಒಡೆಪೆಕ್ ಸಂಸ್ಥೆಗಳು ವಿದೇಶಿ ಹುದ್ದೆಗಳಿಗೆ ನೇರವಾಗಿ ಆಯ್ಕೆ ನಡೆಸುತ್ತವೆ. ನರ್ಸಿಂಗ್ ಓದಿದವರನ್ನು ಜರ್ಮನಿಗೆ ಕಳಿಸುವ ‘ಟ್ರಿಪಲ್ ವಿನ್’ ಯೋಜನೆಗೆ ನೋರ್ಕಾ 2021ರಲ್ಲಿ ಒಪ್ಪಂದ ಮಾಡಿಕೊಂಡಿತು. ಅಲ್ಲಿ ಮುಖ್ಯ ಬಂಡವಾಳ ಜರ್ಮನ್ ಭಾಷೆ. ‘ಜರ್ಮನಿಗೆ ಹೋಗಬೇಕು’ ಎಂಬುದನ್ನು ‘ಇಂಥ ತಿಂಗಳೊಳಗೆ ಬಿ-1 ಹಂತದ ಜರ್ಮನ್ ಪರೀಕ್ಷೆ ಪಾಸಾಗಬೇಕು’ ಎಂದು ಬದಲಿಸಿದ ದಿನವೇ ಆ ಪ್ರಯಾಣ ಆರಂಭವಾಗುತ್ತದೆ.

ಉತ್ತರ ಬಾರದಿದ್ದರೆ

ಎಲ್ಲ ಮಾಡಿಯೂ ಮೂರು ತಿಂಗಳು ಏನೂ ಆಗದಿರಬಹುದು. ಆಗ ಎದೆಗುಂದುವ ಬದಲು ನೋಟ್‌ಬುಕ್ ತೆರೆದು ಎಲ್ಲಿ ನಿಂತಿದೆ ಎಂದು ನೋಡಿ. ಮೂವತ್ತು ಅರ್ಜಿ ಹಾಕಿ ಒಂದು ಕರೆಯೂ ಬಾರದಿದ್ದರೆ ಬಯೋಡಾಟಾ ಸರಿಯಿಲ್ಲ ಅಥವಾ ಅರ್ಹತೆಗೆ ಹೊಂದದ ಹುದ್ದೆಗಳಿಗೆ ಹಾಕುತ್ತಿದ್ದೀರಿ. ಕರೆ ಬಂದು ಸಂದರ್ಶನದಲ್ಲಿ ಹಿಂದೆ ಬೀಳುತ್ತಿದ್ದರೆ ಇಂಗ್ಲಿಷ್ ಮಾತಿನ ಅಭ್ಯಾಸ ಬೇಕು. ಕನ್ನಡಿ ಮುಂದೆಯೋ ಗೆಳತಿಯ ಮುಂದೆಯೋ ವಾರಕ್ಕೆರಡು ಸಲ ಮಾತಾಡಿ. ಪರೀಕ್ಷೆಯಲ್ಲಿ ಗಣಿತದಲ್ಲೇ ಅಂಕ ಹೋಗುತ್ತಿದ್ದರೆ ಮುಂದಿನ ಮೂರು ತಿಂಗಳು ಗಣಿತಕ್ಕೆ ಕೊಡಿ. ಲೆಕ್ಕ ಬರೆದಿಟ್ಟವನಿಗೆ ತನ್ನ ಸೋಲು ಎಲ್ಲಿದೆಯೆಂದು ಕಾಣುತ್ತದೆ. ಬರೆಯದವನಿಗೆ ‘ನನ್ನ ಹಣೆಬರಹ’ ಎಂದಷ್ಟೇ ಕಾಣುತ್ತದೆ.

ಹೆತ್ತವರಿಗೊಂದು ಮಾತು

ತಾಯಿ ತಂದೆಯರೇ, ‘ಕೆಲಸ ಸಿಕ್ಕಿತಾ?’ ಎಂದು ದಿನಾ ಕೇಳಬೇಡಿ. ಅದಕ್ಕೆ ಮಗನಲ್ಲಿ ಉತ್ತರವಿಲ್ಲ. ‘ಈ ವಾರ ಏನು ಮಾಡಬೇಕೆಂದಿದ್ದಿ? ಅದಕ್ಕೆ ನಮ್ಮಿಂದ ಏನಾಗಬೇಕು?’ ಎಂದು ಭಾನುವಾರಕ್ಕೊಮ್ಮೆ ಕೇಳಿ. ಬೆಳಗ್ಗಿನ ಎರಡು ಗಂಟೆ ಓದಿನ ಹೊತ್ತೆಂದು ಗೊತ್ತಾದರೆ ಆಗ ತೋಟಕ್ಕೂ ರೇಷನ್ ಅಂಗಡಿಗೂ ಕಳಿಸಬೇಡಿ. ಬಸ್ಸಿನ ಖರ್ಚನ್ನೂ ಅರ್ಜಿಯ ಖರ್ಚನ್ನೂ ಮನೆಯ ಖರ್ಚಿನಲ್ಲೇ ಸೇರಿಸಿ, ಪ್ರತಿ ಸಲ ಕೈಚಾಚುವಂತೆ ಮಾಡಬೇಡಿ. ಮಗಳ ವಿಷಯದಲ್ಲಿ ‘ಮದುವೆಯವರೆಗೆ ಏನೋ ಒಂದು’ ಎನ್ನುವ ಮಾತು ಬೇಡ. ಅವಳ ವಯೋಮಿತಿಯೂ ಅಷ್ಟೇ ಬೇಗ ಮುಗಿಯುತ್ತದೆ. ಪಕ್ಕದ ಮನೆಯವನ ಸಂಬಳದೊಂದಿಗೆ ಹೋಲಿಸುವುದನ್ನಂತೂ ಪೂರ್ತಿ ಬಿಟ್ಟುಬಿಡಿ. ಅವನ ದಾರಿ ಬೇರೆ, ಇವನದ್ದು ಬೇರೆ.

ಯುವಜನರೇ, ಈ ಪುಟ ಮಡಚುವ ಮುನ್ನ ಮೂರು ಸಾಲು ಬರೆಯಿರಿ. ನನ್ನ ಮುಖ್ಯ ದಾರಿ ಯಾವುದು? ಈ ತಿಂಗಳ ಕೊನೆಯೊಳಗೆ ಸರಿಯಾಗಬೇಕಾದ ಕಾಗದ ಯಾವುದು? ಸೋಮವಾರ ಬೆಳಿಗ್ಗೆ ಎಷ್ಟು ಗಂಟೆಗೆ ಯಾವ ಕೆಲಸದಿಂದ ಆರಂಭಿಸುತ್ತೇನೆ? ಮೂರಕ್ಕೂ ತಾರೀಕು ಹಾಕಿ, ಮನೆಯವರಲ್ಲಿ ಒಬ್ಬರಿಗೆ ಓದಿ ಹೇಳಿ.